ಬಂದು ಹೋದ ಜ್ವರಕ್ಕೆ ಮೈ ಒಗ್ಗುತ್ತದೆಯೇ?



ಮುಂಬಯಿಯಲ್ಲಿ ಮಳೆ ಹಿಡಿದು ಕೆಲವು ವಾರ ಕಳೆಯುವಷ್ಟರಲ್ಲಿ ನಮ್ಮವರ ಮನೆಗಳಲ್ಲಿ, ಹೋಟೆಲುಗಳ ಅಟ್ಟದಲ್ಲಿ, ಚಾಳಿನ ಖೋಲಿಗಳಲ್ಲಿ ಯಾರಾದರೊಬ್ಬರು ಕಂಬಳಿ ಹೊದ್ದು ನಡುಗುತ್ತಾ ಮಲಗಿರುತ್ತಾರೆ. ಏನಾಯಿತು ಎಂದು ಕೇಳಿದರೆ, "ಎಂಥದೂ ಇಲ್ಲ, ಮಾಮೂಲಿ ಮಲೇರಿಯಾ" ಎನ್ನುತ್ತಾರೆ. ಆ 'ಮಾಮೂಲಿ' ಎಂಬ ಮಾತಿನ ಬಗ್ಗೆಯೇ ಇಂದು ನಿಮ್ಮೊಡನೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಾನು ವೈದ್ಯನಲ್ಲ. ಪರೇಲಿನ ಒಂದು ಪ್ರಯೋಗಾಲಯದಲ್ಲಿ ಸುಮಾರು ಮೂವತ್ತು ವರ್ಷ ಸೂಕ್ಷ್ಮದರ್ಶಕದ ಮುಂದೆ ಕುಳಿತು ರಕ್ತದ ಸ್ಲೈಡುಗಳನ್ನು ನೋಡಿದವನು. 1990ರ ದಶಕದ ಮಧ್ಯಭಾಗ, ಮುಂಬಯಿಯಲ್ಲಿ ಮಲೇರಿಯಾ ಮತ್ತೆ ತಲೆಯೆತ್ತಿದ್ದ ಕಾಲ. ಲಾಲ್‌ಬಾಗ್ ಕಡೆಯ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದ ಕುಂದಾಪುರ ಕಡೆಯ ಹುಡುಗನೊಬ್ಬ ರಕ್ತ ಕೊಡಲು ಬಂದ. ವಯಸ್ಸು ಇಪ್ಪತ್ತು ದಾಟಿರಲಿಲ್ಲ. ನನ್ನ ಮಾತಿನಲ್ಲಿ ಊರಿನ ಧಾಟಿ ಕೇಳಿ ಅವನಿಗೆ ಸಲಿಗೆ ಬಂತು. "ಸರ್, ನನಗೆ ಇದು ಮೂರನೇ ಸಲ. ಇನ್ನು ಬರುದಿಲ್ಲ ಅಲ್ವಾ? ಮೈಗೆ ಅಭ್ಯಾಸ ಆಗಿರ್ತದೆ ಅಲ್ವಾ?" ಎಂದು ಕೇಳಿದ. ಹೊರಗೆ ಸಾಲು ಉದ್ದವಿತ್ತು. ನಾನು ತಲೆ ಎತ್ತದೆಯೇ, "ಹೌದು ಮಾರಾಯ, ಅಭ್ಯಾಸ ಆಗ್ತದೆ" ಎಂದುಬಿಟ್ಟೆ.

ಮರುವರ್ಷ ಮಳೆಗಾಲದಲ್ಲಿ ಅವನಿಗೆ ಮತ್ತೆ ಜ್ವರ ಬಂತು. ಹೇಗೂ ಬಂದು ಹೋಗುವ ಜ್ವರ ಎಂದು ನಾಲ್ಕು ದಿನ ಯಾರಿಗೂ ಹೇಳದೆ, ಜ್ವರದ ಮಾತ್ರೆ ನುಂಗುತ್ತಾ ಕೆಲಸ ಮಾಡಿದ. ಐದನೆಯ ದಿನ ಪ್ರಜ್ಞೆ ತಪ್ಪಿದ ಮೇಲೆ ಜೊತೆಯ ಹುಡುಗರು ಎತ್ತಿಕೊಂಡು ಬಂದರು. ಸ್ಲೈಡು ನನ್ನ ಮೇಜಿಗೇ ಬಂತು. ಹಿಂದಿನ ಮೂರು ಸಲದ ವೈವಾಕ್ಸ್ ಅಲ್ಲ, ಈ ಸಲ ಫಾಲ್ಸಿಪಾರಮ್, ಮಿದುಳಿಗೆ ಏರುವ ಜಾತಿ. ಹುಡುಗ ಉಳಿಯಲಿಲ್ಲ. ಊರಿನಿಂದ ಅವನ ಸೋದರಮಾವ ಬಂದು ಕಾಗದಪತ್ರ ಕೇಳಲು ನಮ್ಮ ಬಾಗಿಲಲ್ಲಿ ನಿಂತಾಗಲೇ, ಹಿಂದಿನ ವರ್ಷ ನನ್ನನ್ನು ಪ್ರಶ್ನೆ ಕೇಳಿದವನು ಇವನೇ ಎಂದು ನನಗೆ ಗೊತ್ತಾದದ್ದು. ಅಂದು ನಾನು ಕೊಟ್ಟ ಉತ್ತರ ತಪ್ಪು. ಸರಿಯಾದ ಉತ್ತರ ಯಾವುದೆಂದು ಆಮೇಲೆ ಓದಿ, ಕೇಳಿ ತಿಳಿದುಕೊಂಡೆ. ಅದನ್ನು ಇವತ್ತು ನಿಮಗೆ ಹೇಳುತ್ತಿದ್ದೇನೆ.

ಆ ಹುಡುಗನ ಪ್ರಶ್ನೆ ದಡ್ಡತನದ್ದೇನಲ್ಲ. ದಡಾರ ಒಮ್ಮೆ ಬಂದರೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ ಎಂದು ನಮ್ಮ ಅಜ್ಜಿಯಂದಿರಿಗೂ ಗೊತ್ತಿತ್ತು. ದೇಹ ಒಮ್ಮೆ ಕಂಡ ಶತ್ರುವಿನ ಚಹರೆಯನ್ನು ನೆನಪಿಟ್ಟುಕೊಳ್ಳುತ್ತದೆ, ಎರಡನೆಯ ಸಲ ಬಾಗಿಲಲ್ಲೇ ಹಿಡಿಯುತ್ತದೆ. ಈ ನೆನಪಿನ ಮೇಲೆಯೇ ಎಲ್ಲ ಲಸಿಕೆಗಳೂ ನಿಂತಿರುವುದು. ಹಾಗಾದರೆ ಮಲೇರಿಯಾಕ್ಕೆ ಮಾತ್ರ ಏಕೆ ಬೇರೆ ನ್ಯಾಯ?

ಇದನ್ನು ಹೇಳಲು ಪರೇಲಿಗಿಂತ ಒಳ್ಳೆಯ ಜಾಗವಿಲ್ಲ. ಕೆ.ಇ.ಎಂ. ಆಸ್ಪತ್ರೆ ಇರುವ ಆಚಾರ್ಯ ದೋಂದೆ ಮಾರ್ಗದಲ್ಲೇ ಮರಗಳ ನಡುವೆ ಒಂದು ಹಳೆಯ ಬಂಗಲೆ ಇದೆ. ಅದು ಒಂದು ಕಾಲಕ್ಕೆ ಮುಂಬಯಿ ಗವರ್ನರರ ನಿವಾಸ. 1882ರಲ್ಲಿ ಗವರ್ನರ್ ಫರ್ಗುಸನ್ನರ ಪತ್ನಿ ಅಲ್ಲಿ ಕಾಲರಾದಿಂದ ತೀರಿಕೊಂಡ ಮೇಲೆ ಗವರ್ನರರು ಆ ಮನೆಯನ್ನು ಬಿಟ್ಟು ಮಲಬಾರ್ ಪಾಯಿಂಟಿಗೆ ಹೋದರು. 1896ರಲ್ಲಿ ನಗರಕ್ಕೆ ಪ್ಲೇಗ್ ಬಂತು. ಆ ವರ್ಷದ ಅಕ್ಟೋಬರಿನಲ್ಲಿ ಮುಂಬಯಿಗೆ ಬಂದ ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿ ಮೂರೇ ತಿಂಗಳಲ್ಲಿ ಪ್ಲೇಗಿನ ಲಸಿಕೆ ತಯಾರಿಸಿದರು. 1897ರ ಜನವರಿ 10ರಂದು ಅದನ್ನು ಮೊದಲು ಚುಚ್ಚಿಕೊಂಡದ್ದು ತಮ್ಮದೇ ಮೈಗೆ. 1899ರಲ್ಲಿ ಅವರ ಪ್ರಯೋಗಾಲಯ ಪರೇಲಿನ ಆ ಬಂಗಲೆಗೆ ಬಂತು. 1925ರಿಂದ ಅದಕ್ಕೆ ಹಾಫ್‌ಕಿನ್ ಸಂಸ್ಥೆ ಎಂದೇ ಹೆಸರು.

ಸ್ವಾರಸ್ಯವೆಂದರೆ, ಅದೇ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಿಯನ್ನು ಕಂಡರು. ಒಂದೇ ವರ್ಷ, ಎರಡು ರೋಗ. ಪ್ಲೇಗಿಗೆ ಮೂರು ತಿಂಗಳಲ್ಲಿ ಲಸಿಕೆ ಬಂತು. ಮಲೇರಿಯಾಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಮೊದಲ ಲಸಿಕೆ ಬರಲು 2021ರ ತನಕ ಕಾಯಬೇಕಾಯಿತು. ನೂರಿಪ್ಪತ್ತಕ್ಕೂ ಹೆಚ್ಚು ವರ್ಷ! ವಿಜ್ಞಾನಿಗಳು ಸುಮ್ಮನೆ ಕುಳಿತಿದ್ದರೆಂದಲ್ಲ. ಶತ್ರುವೇ ಬೇರೆ ಜಾತಿಯದು.

ಪ್ಲೇಗ್ ತರುವುದು ಒಂದು ಬ್ಯಾಕ್ಟೀರಿಯಾ. ಮಲೇರಿಯಾ ತರುವ ಪ್ಲಾಸ್ಮೋಡಿಯಂ ಎಂಬುದು ಪರಾವಲಂಬಿ ಜೀವಿ. ಒಂದೇ ಕಣದ ಪ್ರಾಣಿಯಾದರೂ ಬಹಳ ಜಾಣ. ಸೊಳ್ಳೆ ಕಚ್ಚಿದಾಗ ದೇಹದೊಳಗೆ ಬಂದು ಹೆಚ್ಚು ಹೊತ್ತು ಕಳೆಯದೆ ಯಕೃತ್ತಿನಲ್ಲಿ, ಅಂದರೆ ಲಿವರಿನಲ್ಲಿ ಅಡಗಿಕೊಳ್ಳುತ್ತದೆ. ಅಲ್ಲಿ ಸದ್ದಿಲ್ಲದೆ ಸಾವಿರಾರು ಮರಿಗಳಾಗಿ ಹೊರಗೆ ಬಂದು ಕೆಂಪು ರಕ್ತಕಣಗಳೊಳಗೆ ನುಗ್ಗುತ್ತದೆ. ಅಲ್ಲಿ ಕಣದ ಹೂರಣವನ್ನು ತಿಂದು, ಬೆಳೆದು, ಒಡೆದು, ಮತ್ತಷ್ಟು ಕಣಗಳಿಗೆ ಹೋಗುತ್ತದೆ. ವೈವಾಕ್ಸ್ ಮತ್ತು ಫಾಲ್ಸಿಪಾರಮ್ ಜಾತಿಗಳಲ್ಲಿ ಈ ಸುತ್ತು ಸುಮಾರು 48 ಗಂಟೆಯದು. ಒಂದು ದಿನ ಬಿಟ್ಟು ಒಂದು ದಿನ ಚಳಿ ನಡುಕ ಬರುವುದು ಇದರಿಂದಲೇ. ಸೊಳ್ಳೆಯಿಂದ ಬಂದಾಗ ಒಂದು ರೂಪ, ಯಕೃತ್ತಿನಲ್ಲಿ ಇನ್ನೊಂದು, ರಕ್ತದಲ್ಲಿ ಮತ್ತೊಂದು. ಒಂದು ರೂಪವನ್ನು ಗುರುತಿಸಲು ಕಲಿತ ದೇಹಕ್ಕೆ ಮುಂದಿನ ರೂಪ ಹೊಸದೇ.

ಇಷ್ಟೇ ಆಗಿದ್ದರೆ ದೇಹ ಹೇಗೋ ಕಲಿಯುತ್ತಿತ್ತು. ಫಾಲ್ಸಿಪಾರಮ್ ಇನ್ನೂ ಒಂದು ಉಪಾಯ ಮಾಡುತ್ತದೆ. ಅದು ಹೊಕ್ಕ ರಕ್ತಕಣದ ಹೊರಮೈ ಮೇಲೆ ತನ್ನದೊಂದು ಪ್ರೋಟೀನನ್ನು ತಂದು ಇಡುತ್ತದೆ. ಆ ಅಂಟಿನ ಬಲದಿಂದ ಕಣವು ಸಣ್ಣ ರಕ್ತನಾಳಗಳ ಗೋಡೆಗೆ ಕಚ್ಚಿಕೊಂಡು ಕೂರುತ್ತದೆ. ಹಾಳಾದ ರಕ್ತಕಣಗಳನ್ನು ಸೋಸಿ ತೆಗೆಯುವ ಗುಲ್ಮದ ಕಡೆಗೆ ಅದು ಹೋಗುವುದೇ ಇಲ್ಲ. ಮಿದುಳಿನ ನಾಳಗಳಲ್ಲಿ ಹೀಗೆ ಕೂತರೆ ಏನಾಗುತ್ತದೆಂದು ನಾನು ಮೊದಲೇ ಹೇಳಿದೆ. ದೇಹ ಆ ಪ್ರೋಟೀನನ್ನು ಗುರುತಿಸಿ ಪ್ರತಿಕಾಯಗಳನ್ನು ತಯಾರಿಸುವಷ್ಟರಲ್ಲಿ ಜೀವಿ ಆ ಪ್ರೋಟೀನನ್ನೇ ಬದಲಾಯಿಸುತ್ತದೆ. ಇಂಥ ಸುಮಾರು 60 ಬಗೆಯ ಪ್ರೋಟೀನುಗಳ ಜೀನುಗಳು ಅದರ ಹತ್ತಿರ ಇವೆ. ದಾದರ್ ಸ್ಟೇಷನ್ನಿನಲ್ಲಿ ಜೇಬುಗಳ್ಳನೊಬ್ಬನಿದ್ದಾನೆ ಎಂದುಕೊಳ್ಳಿ. ಪೊಲೀಸರಿಗೆ ಗೊತ್ತಿರುವುದು ಅವನ ಅಂಗಿಯ ಬಣ್ಣ ಮಾತ್ರ. ಅವನ ಚೀಲದಲ್ಲಿ 60 ಅಂಗಿಗಳಿವೆ. ಇನ್ನೊಂದು ಊರಿನಿಂದ ಬಂದ ಕಳ್ಳನ ಚೀಲದಲ್ಲಿ ಬೇರೆಯೇ 60 ಅಂಗಿಗಳು. ಪೊಲೀಸರು ಏನು ಮಾಡಿಯಾರು?

ಹಾಗಾದರೆ ಮಲೇರಿಯಾಕ್ಕೆ ದೇಹ ಏನೂ ಕಲಿಯುವುದೇ ಇಲ್ಲವೇ? ಕಲಿಯುತ್ತದೆ. 1961ರಲ್ಲಿ ಸಿಡ್ನಿ ಕೋಹೆನ್, ಇಯಾನ್ ಮೆಕ್‌ಗ್ರೆಗರ್ ಮತ್ತು ಅವರ ಜೊತೆಗಾರರು ಆಫ್ರಿಕದ ಗ್ಯಾಂಬಿಯಾದಲ್ಲಿ ಒಂದು ಪ್ರಯೋಗ ಮಾಡಿದರು. ಹುಟ್ಟಿದಂದಿನಿಂದ ಮಲೇರಿಯಾದ ನಡುವೆಯೇ ಬದುಕಿದ ದೊಡ್ಡವರ ರಕ್ತದಿಂದ ಪ್ರತಿಕಾಯಗಳಿರುವ ಭಾಗವನ್ನು ಬೇರ್ಪಡಿಸಿ, ಮಲೇರಿಯಾದಿಂದ ನರಳುತ್ತಿದ್ದ ಮಕ್ಕಳಿಗೆ ಕೊಟ್ಟರು. ಕೆಲವೇ ದಿನಗಳಲ್ಲಿ ಮಕ್ಕಳ ರಕ್ತದಲ್ಲಿ ಜೀವಿಗಳ ಸಂಖ್ಯೆ ತೀರಾ ಇಳಿಯಿತು. ದೊಡ್ಡವರ ರಕ್ತದಲ್ಲಿ ಕಾಪಾಡುವ ಶಕ್ತಿ ನಿಜವಾಗಿಯೂ ಇದೆ ಎಂದು ಇದರಿಂದ ಸಿದ್ಧವಾಯಿತು.

ಆದರೆ ಆ ಶಕ್ತಿ ಅವರಿಗೆ ಹೇಗೆ ಬಂತೆಂದು ಗಮನಿಸಿ. ಅಲ್ಲಿ ವರ್ಷಕ್ಕೆ ಹಲವಾರು ಸಲ ಸೋಂಕು ತಗಲುತ್ತದೆ. ಹೀಗೆ ಬಾಲ್ಯವೆಲ್ಲ ಕಳೆದು, ಬದುಕಿ ಉಳಿದವರಿಗೆ ಮಾತ್ರ ಅದು ದಕ್ಕುತ್ತದೆ. ದಕ್ಕಿದ ಮೇಲೂ ಅದು ಪೂರ್ತಿಯಲ್ಲ. ಸೋಂಕು ತಗಲುತ್ತದೆ, ಜೋರಾಗಿ ಕಾಯಿಲೆ ಬೀಳುವುದಿಲ್ಲ ಅಷ್ಟೇ. ಇನ್ನೂ ಮುಖ್ಯವಾದದ್ದು, ಅದು ಉಳಿಯುವುದೂ ಇಲ್ಲ. ಓದಲೆಂದು, ದುಡಿಯಲೆಂದು ಕೆಲವು ವರ್ಷ ಯುರೋಪಿನಲ್ಲಿದ್ದ ಆಫ್ರಿಕದವರು ಊರಿಗೆ ಹಿಂದಿರುಗಿದಾಗ ಮತ್ತೆ ಮಲೇರಿಯಾದಿಂದ ಕಾಯಿಲೆ ಬೀಳುತ್ತಾರೆ.

ಈಗ ನಮ್ಮ ಹೋಟೆಲಿನ ಹುಡುಗನನ್ನು ನೆನೆಯಿರಿ. ಮುಂಬಯಿಯಲ್ಲಿ ಮಲೇರಿಯಾ ಇದೆ, ಆದರೆ ಗ್ಯಾಂಬಿಯಾದಷ್ಟಿಲ್ಲ. ಎರಡು ಮೂರು ವರ್ಷದಲ್ಲಿ ಮೂರು ಸಲ ಜ್ವರ ಬಂದ ಮಾತ್ರಕ್ಕೆ ದೇಹ ಆ ಪಾಠವನ್ನು ಪೂರ್ತಿ ಕಲಿಯುವುದಿಲ್ಲ. ಮೇಲಾಗಿ ಅವನ ಮೈ ಕಂಡಿದ್ದು ವೈವಾಕ್ಸನ್ನು. ಅದರ ನೆನಪನ್ನು ನೆಚ್ಚಿಕೊಂಡು ಫಾಲ್ಸಿಪಾರಮ್ ಎದುರು ನಿಲ್ಲಲಾಗುವುದಿಲ್ಲ. ನಮ್ಮ ಊರಿನಲ್ಲಿ ಮಲೇರಿಯಾಕ್ಕೆ ಒಗ್ಗಿದ ಮೈ ಎಂಬುದೊಂದು ಇಲ್ಲ. ಇದು ಮೊದಲನೆಯ ಮಾತು.

ಎರಡನೆಯದು ಇನ್ನೂ ವಿಚಿತ್ರವಾದದ್ದು. ಮಲೇರಿಯಾದಲ್ಲಿ ನಮ್ಮನ್ನು ನರಳಿಸುವುದು ಬಹುಪಾಲು ನಮ್ಮದೇ ರೋಗನಿರೋಧಕ ಪಡೆ. ಇದನ್ನು ಬಿಡಿಸಿ ನೋಡಿದವರಲ್ಲಿ ಡಾ. ಡಿ. ಚನ್ನೇಗೌಡ ಒಬ್ಬರು. ಹೆಸರು ಕೇಳಿದರೇ ನಮ್ಮ ಕಡೆಯವರೆಂದು ತಿಳಿಯುತ್ತದೆ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಹರ್ಶಿಯಲ್ಲಿರುವ ವೈದ್ಯಕೀಯ ಕಾಲೇಜಿನಲ್ಲಿ ಅವರು ಮತ್ತು ಅವರ ತಂಡದವರು ಹಿಡಿದುಕೊಂಡ ಪ್ರಶ್ನೆ ಸರಳವಾದದ್ದು: ರಕ್ತಕಣ ಒಡೆದು ಜೀವಿಗಳು ಹೊರಬಿದ್ದಾಗ ನಮ್ಮ ದೇಹ ಏನನ್ನು ಕಂಡು ಬೆಚ್ಚಿಬೀಳುತ್ತದೆ?

ಅವರು ಕಂಡುಕೊಂಡ ಉತ್ತರಗಳಲ್ಲಿ ಒಂದು, ಜಿಪಿಐ ಎಂಬ ವಸ್ತು. ಸಕ್ಕರೆ ಮತ್ತು ಕೊಬ್ಬು ಸೇರಿದ ಈ ಕೊಂಡಿಯಿಂದ ಮಲೇರಿಯಾದ ಜೀವಿ ತನ್ನ ಪ್ರೋಟೀನುಗಳನ್ನು ಮೈಗೆ ಸಿಕ್ಕಿಸಿಕೊಂಡಿರುತ್ತದೆ. ನಮ್ಮ ರಕ್ತದ ಕಾವಲು ಕಣಗಳ ಮೇಲೆ ಇಂಥದ್ದನ್ನು ಗುರುತಿಸುವ ಕರೆಗಂಟೆಗಳಿವೆ. ಅವುಗಳಲ್ಲಿ ಟಿಎಲ್‌ಆರ್-2 ಎಂಬುದನ್ನು ಜಿಪಿಐ ಮುಖ್ಯವಾಗಿ ಒತ್ತುತ್ತದೆ ಎಂದು ಈ ತಂಡ 2005ರಲ್ಲಿ ಪ್ರಕಟಿಸಿತು. ಗಂಟೆ ಬಾರಿಸಿದೊಡನೆ ಕಾವಲು ಕಣಗಳು ಟಿಎನ್‌ಎಫ್ ಮುಂತಾದ ಉರಿಯೂತದ ರಾಸಾಯನಿಕಗಳನ್ನು ಸುರಿಸುತ್ತವೆ. ಚಳಿ, ನಡುಕ, ಜ್ವರ, ಮೈಕೈ ನೋವು, ಎಲ್ಲಕ್ಕೂ ಇವುಗಳ ಕೈವಾಡ ಇದೆ. ಸ್ವಲ್ಪವಾಗಿ ಬಂದರೆ ಇವು ಜೀವಿಯನ್ನು ಕೊಲ್ಲಲು ನೆರವಾಗುತ್ತವೆ. ಮಿತಿ ಮೀರಿದರೆ ರೋಗಿಗೇ ಮುಳುವಾಗುತ್ತವೆ. ಕಳ್ಳನನ್ನು ಓಡಿಸಲು ಹಚ್ಚಿದ ಬೆಂಕಿ ಮನೆಯನ್ನೇ ಸುಟ್ಟ ಹಾಗೆ.

ಇದಕ್ಕೂ ಮೊದಲು, 2000ದಲ್ಲಿ, ಅವರು ಮತ್ತು ಜೊತೆಗಾರರು ಪಶ್ಚಿಮ ಕೀನ್ಯಾದ ಜನರ ರಕ್ತವನ್ನು ಪರೀಕ್ಷಿಸಿದ್ದರು. ಅಲ್ಲಿನ ದೊಡ್ಡವರಲ್ಲಿ ಜಿಪಿಐಗೆ ವಿರುದ್ಧವಾದ ಪ್ರತಿಕಾಯಗಳು ಚೆನ್ನಾಗಿದ್ದವು, ಚಿಕ್ಕ ಮಕ್ಕಳಲ್ಲಿ ಕಡಿಮೆ. ಅವು ಇಲ್ಲದ ಮಕ್ಕಳಲ್ಲಿ ಮಲೇರಿಯಾದಿಂದ ಬರುವ ರಕ್ತಹೀನತೆ ಮತ್ತು ಜ್ವರ ಹೆಚ್ಚು. ಅಂದರೆ ಒಗ್ಗುವುದು ಎಂದು ನಾವು ಕರೆಯುವುದರಲ್ಲಿ ಎರಡು ಸಂಗತಿಗಳಿರಬಹುದು. ಜೀವಿಯನ್ನು ಕೊಲ್ಲಲು ಕಲಿಯುವುದು ಒಂದು, ಅದರ ವಿಷವನ್ನು ಕಂಡು ಅತಿಯಾಗಿ ಬೆಚ್ಚದಿರಲು ಕಲಿಯುವುದು ಇನ್ನೊಂದು. ಎರಡಕ್ಕೂ ಕಾಲ ಬೇಕು.

ಈ ವಿಷಯ ನಮ್ಮ ಕರಾವಳಿಗೂ ಬಂದಿದೆ. ಕಟ್ಟಡ ಕೆಲಸಗಳ ಭರಾಟೆಯೊಡನೆ 1990ರ ದಶಕದಿಂದ ಮಲೇರಿಯಾ ಹೆಚ್ಚಿದ ಮಂಗಳೂರಿನಲ್ಲಿ ಕುವೆಂಪು ವಿಶ್ವವಿದ್ಯಾಲಯದ ರಾಜೇಶ್ವರ ಆಚಾರ್, ಮಂಗಳೂರಿನ ವೈದ್ಯ ಶ್ರೀನಿವಾಸ ಕಕ್ಕಿಲ್ಲಾಯ ಮುಂತಾದವರು ಚನ್ನೇಗೌಡರ ಜೊತೆ ಸೇರಿ ಅಲ್ಲಿನ ರೋಗಿಗಳ ರಕ್ತವನ್ನು ಅಭ್ಯಾಸ ಮಾಡಿದರು. 2019ರಲ್ಲಿ ಅದರ ಫಲ ಪ್ರಕಟವಾಯಿತು. ಮಲೇರಿಯಾದಲ್ಲಿ ಪ್ಲೇಟ್‌ಲೆಟ್ ಕುಸಿಯುವುದನ್ನು ನೀವೆಲ್ಲ ಕೇಳಿದ್ದೀರಿ. ಆ ಕುಸಿತಕ್ಕೂ ರಕ್ತದಲ್ಲಿ ಏರುವ ಉರಿಯೂತದ ರಾಸಾಯನಿಕಗಳಿಗೂ ನಂಟಿದೆ ಎಂದು ಅವರು ತೋರಿಸಿದರು. ಫಾಲ್ಸಿಪಾರಮ್ ಮಾತ್ರವಲ್ಲ, 'ಸಾದಾ' ಎಂದು ನಾವು ಕಡೆಗಣಿಸುವ ವೈವಾಕ್ಸಿನಲ್ಲೂ ಹಾಗೆಯೇ. ಮಾಮೂಲಿ ಮಲೇರಿಯಾ ಎನ್ನುವ ಮಾತನ್ನು ಬಿಡಿ ಎಂದು ನಾನು ಹೇಳುವುದು ಇದಕ್ಕೇ.

ಮನೆಯಲ್ಲಿ ಬಸುರಿ ಹೆಣ್ಣುಮಗಳಿದ್ದರೆ ಈ ಮಾತನ್ನು ಇನ್ನೂ ಕಿವಿಗೊಟ್ಟು ಕೇಳಬೇಕು. ಮಲೇರಿಯಾ ಬಹಳವಿರುವ ನಾಡುಗಳಲ್ಲಿ ಒಗ್ಗಿದ ಮೈಯ ಹೆಂಗಸೂ ಚೊಚ್ಚಲ ಬಸಿರಿನಲ್ಲಿ ಮತ್ತೆ ಕಾಯಿಲೆ ಬೀಳುತ್ತಾಳೆ. ಏಕೆಂದರೆ ಗರ್ಭದ ಮಾಸು ದೇಹಕ್ಕೆ ಬಂದ ಹೊಸ ಅಂಗ. ಅಲ್ಲಿರುವ ಕಾಂಡ್ರಾಯ್ಟಿನ್ ಸಲ್ಫೇಟ್ ಎಂಬ ಸಕ್ಕರೆಯ ಸರಪಳಿಗೆ ಫಾಲ್ಸಿಪಾರಮ್ ಹೊಕ್ಕ ಕಣಗಳು ಹೋಗಿ ಅಂಟುತ್ತವೆ. ಆ ಸರಪಳಿ ಮಾಸಿನಲ್ಲಿ ಎಂಥ ರೂಪದಲ್ಲಿದೆ ಎಂದು 2000ದಲ್ಲಿ ಬಿಡಿಸಿ ತೋರಿಸಿದ್ದು ಇದೇ ಆಚಾರ್ ಮತ್ತು ಚನ್ನೇಗೌಡರ ತಂಡ. ಜೀವಿ ಆಗ ಹಾಕಿಕೊಳ್ಳುವ ಅಂಗಿಯನ್ನು ತಾಯಿಯ ದೇಹ ಮೊದಲು ಕಂಡೇ ಇರುವುದಿಲ್ಲ. ಕೂಸು ತೂಕ ಕಡಿಮೆಯಾಗಿ ಹುಟ್ಟುತ್ತದೆ, ತಾಯಿಗೆ ರಕ್ತ ಸಾಲದಾಗುತ್ತದೆ. ಬಸುರಿಗೆ ಜ್ವರ ಬಂದರೆ ನಾಳೆ ನೋಡೋಣ ಎಂಬ ಮಾತು ಬೇಡ. ಅದೇ ದಿನ ರಕ್ತಪರೀಕ್ಷೆ ಆಗಬೇಕು.

ಒಗ್ಗಿದವರ ರಕ್ತದಲ್ಲಿರುವ ಗುಟ್ಟನ್ನು ಹುಡುಕಿದವರು ನಮ್ಮ ನಗರದಲ್ಲೂ ಇದ್ದಾರೆ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಡಾ. ಶೋಭನಾ ಶರ್ಮಾ ಮತ್ತು ಜೊತೆಗಾರರು 1994ರಲ್ಲಿ ಒಂದು ಜಾಣ ಉಪಾಯ ಮಾಡಿದರು. ಮಲೇರಿಯಾದ ನಡುವೆ ಬದುಕಿಯೂ ಕಾಯಿಲೆ ಬೀಳದವರ ರಕ್ತದ ಸೀರಮ್ ಒಂದು ಕಡೆ, ಕಾಯಿಲೆ ಬಿದ್ದವರ ಸೀರಮ್ ಇನ್ನೊಂದು ಕಡೆ. ಜೀವಿಯ ಯಾವ ಪ್ರೋಟೀನುಗಳನ್ನು ಮೊದಲನೆಯದು ಗುರುತಿಸುತ್ತದೆ, ಎರಡನೆಯದು ಗುರುತಿಸುವುದಿಲ್ಲ ಎಂದು ಜಾಲಾಡಿದರು. ಹೀಗೆ ಸಿಕ್ಕಿದ್ದರಲ್ಲಿ 'ಪಿ-ಸೊನ್ನೆ' ಎಂಬ ಪ್ರೋಟೀನು ಒಂದು. ಅದರ ವಿರುದ್ಧದ ಪ್ರತಿಕಾಯಗಳು ಪ್ರಯೋಗಾಲಯದಲ್ಲಿ ಜೀವಿಯ ಬೆಳವಣಿಗೆಯನ್ನು ತಡೆದವು. ಲಸಿಕೆಯ ದಾರಿಯಲ್ಲಿ ಇಂಥ ನೂರಾರು ಹೆಜ್ಜೆಗಳಿವೆ.

ಲಸಿಕೆ ಬಂದಿದೆ ಎಂದೆನಲ್ಲ, ಅದರ ಮಾತನ್ನೂ ಮುಗಿಸಿಬಿಡುತ್ತೇನೆ. 2021ರ ಅಕ್ಟೋಬರಿನಲ್ಲಿ ಒಪ್ಪಿಗೆ ಸಿಕ್ಕಿದ್ದು ಆರ್‌ಟಿಎಸ್,ಎಸ್ ಎಂಬ ಲಸಿಕೆಗೆ. 2023ರ ಅಕ್ಟೋಬರಿನಲ್ಲಿ ಆರ್-21 ಎಂಬ ಎರಡನೆಯದಕ್ಕೆ. ಆಕ್ಸ್‌ಫರ್ಡಿನವರು ರೂಪಿಸಿದ ಈ ಎರಡನೆಯದನ್ನು ತಯಾರಿಸುವುದು ನಮ್ಮ ಪಕ್ಕದ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್. ಸೊಳ್ಳೆಯಿಂದ ಬಂದ ಜೀವಿಯನ್ನು ಯಕೃತ್ತು ಸೇರುವ ಮುನ್ನವೇ ಹಿಡಿಯುವುದು ಇವುಗಳ ಹವಣಿಕೆ. ಎರಡೂ ಫಾಲ್ಸಿಪಾರಮ್ ವಿರುದ್ಧ, ಅದೂ ಮುಖ್ಯವಾಗಿ ಆಫ್ರಿಕದ ಪುಟ್ಟ ಮಕ್ಕಳಿಗಾಗಿ. ಮಳೆಗಾಲದಲ್ಲೇ ಮಲೇರಿಯಾ ಬರುವ ಕಡೆ ಆರ್-21 ಮೊದಲ ವರ್ಷ ಕಾಯಿಲೆಯನ್ನು ಶೇ. 75ರಷ್ಟು ತಗ್ಗಿಸಿತು. ದೊಡ್ಡ ಗೆಲುವೇ. ಆದರೆ ವೈವಾಕ್ಸಿಗೆ ಬಳಕೆಗೆ ಬಂದ ಲಸಿಕೆ ಇಲ್ಲ. ಮುಂಬಯಿಯ ದುಡಿಯುವ ಹುಡುಗ ಲಸಿಕೆ ಇದೆಯೆಂದು ನಿಶ್ಚಿಂತನಾಗುವ ಹಾಗಿಲ್ಲ.

ಹಾಗಾದರೆ ಅವನ ಕೈಯಲ್ಲಿ ಏನಿದೆ? ಮಾತ್ರೆ ಇದೆ. ಇಲ್ಲಿ ವೈವಾಕ್ಸಿನ ಇನ್ನೊಂದು ಕಪಟ ತಿಳಿದಿರಬೇಕು. ಅದರ ಕೆಲವು ಮರಿಗಳು ಯಕೃತ್ತಿನಲ್ಲೇ ನಿದ್ದೆ ಹೋಗುತ್ತವೆ. ರಕ್ತದಲ್ಲಿದ್ದ ಜೀವಿಗಳು ಮೂರು ದಿನದ ಕ್ಲೋರೋಕ್ವಿನ್ನಿಗೆ ಸತ್ತು ಜ್ವರ ಇಳಿಯುತ್ತದೆ. ಯಕೃತ್ತಿನಲ್ಲಿ ಮಲಗಿರುವ ಮರಿಗಳಿಗೆ ಅದು ತಾಗುವುದೇ ಇಲ್ಲ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಅವು ಎದ್ದು ಮತ್ತೆ ಜ್ವರ ತರುತ್ತವೆ. ನಮ್ಮ ಹುಡುಗನಿಗೆ ಮೂರು ಸಲ ಬಂದದ್ದು ಮೂರು ಬೇರೆ ಸೋಂಕುಗಳೋ, ಅಥವಾ ಒಂದೇ ಸೋಂಕು ಮೂರು ಸಲ ಎದ್ದದ್ದೋ, ಯಾರು ಬಲ್ಲರು?

ಈ ನಿದ್ದೆಯ ಮರಿಗಳನ್ನು ಕೊಲ್ಲುವ ಮಾತ್ರೆ ಪ್ರೈಮಾಕ್ವಿನ್. ಅದನ್ನು ಐದು ದಿನ ಕೊಟ್ಟರೆ ಸಾಕೆಂದು ನಮ್ಮ ದೇಶದಲ್ಲಿ ಹಿಂದೆ ರೂಢಿಯಿತ್ತು. ಅದು ಸಾಕೇ ಎಂದು ಪರೀಕ್ಷಿಸಿದ್ದು ಪರೇಲಿನ ಕೆ.ಇ.ಎಂ. ಆಸ್ಪತ್ರೆಯ ಡಾ. ನಿತ್ಯಾ ಗೋಗಟೆ, ಡಾ. ನೀಲಿಮಾ ಕ್ಷೀರಸಾಗರ್ ಮತ್ತು ಸಂಗಡಿಗರು. 1999ರಲ್ಲಿ ಅವರು ಪ್ರಕಟಿಸಿದ ಫಲ ಸ್ಪಷ್ಟವಾಗಿತ್ತು. ಐದು ದಿನದ ಮಾತ್ರೆಯಿಂದ ಮರುಕಳಿಕೆ ತಪ್ಪಲಿಲ್ಲ, 14 ದಿನದ ಮಾತ್ರೆಯಿಂದ ತಪ್ಪಿತು. ಇಂದು ರಾಷ್ಟ್ರೀಯ ಕಾರ್ಯಕ್ರಮದಲ್ಲಿ ವೈವಾಕ್ಸಿಗೆ ಇರುವುದು 14 ದಿನದ ಪ್ರೈಮಾಕ್ವಿನ್ನೇ. ಕಷ್ಟವೆಂದರೆ, ಮೂರನೆಯ ದಿನಕ್ಕೇ ಜ್ವರ ಬಿಟ್ಟು ಹೊಟ್ಟೆ ಹಸಿಯತೊಡಗುತ್ತದೆ, ಗಲ್ಲೆಯವರು ಕೆಲಸಕ್ಕೆ ಕರೆಯುತ್ತಾರೆ. ಮಾತ್ರೆಯ ಪೊಟ್ಟಣ ಟ್ರಂಕಿನ ಮೂಲೆ ಸೇರುತ್ತದೆ. ಟ್ರಂಕಿನಲ್ಲಿ ಉಳಿದ ಆ ಮಾತ್ರೆಗಳಿಗೂ ಮುಂದಿನ ಜ್ವರಕ್ಕೂ ಸಂಬಂಧವಿದೆ ಎಂದು ಯಾರೂ ಅವನಿಗೆ ಬಿಡಿಸಿ ಹೇಳಿರುವುದಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಪ್ರೈಮಾಕ್ವಿನ್ ಎಲ್ಲರಿಗೂ ಆಗಿಬರುವುದಿಲ್ಲ. ಕೆಲವರ ಕೆಂಪು ಕಣಗಳಲ್ಲಿ ಜಿ6ಪಿಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆ. ಕೆ.ಇ.ಎಂ. ಆವರಣದಲ್ಲೇ ಇರುವ ರಾಷ್ಟ್ರೀಯ ಇಮ್ಯುನೋಹೆಮಟಾಲಜಿ ಸಂಸ್ಥೆ ಈ ಕೊರತೆಯನ್ನು ಬಹಳ ವರ್ಷಗಳಿಂದ ಅಭ್ಯಾಸ ಮಾಡಿದೆ. ಅದರ ಒಂದು ಬಗೆಗೆ ನಮ್ಮ ಪಕ್ಕದ ಕಲ್ಯಾಣದ ಹೆಸರೇ ಇದೆ. ಈ ಕೊರತೆ ಇರುವವರಿಗೆ ಮಲೇರಿಯಾದಿಂದ ಅಷ್ಟಿಷ್ಟು ರಕ್ಷಣೆ ಹುಟ್ಟಿನಿಂದಲೇ ಸಿಕ್ಕಿರುತ್ತದೆ, ಆದರೆ ಪ್ರೈಮಾಕ್ವಿನ್ ನುಂಗಿದರೆ ಅವರ ರಕ್ತಕಣಗಳು ಒಡೆಯುತ್ತವೆ. ಆದ್ದರಿಂದ ವೈದ್ಯರನ್ನು ಕೇಳದೆ, ಪಕ್ಕದವರ ಚೀಟಿ ನೋಡಿ ಈ ಮಾತ್ರೆ ತರಬೇಡಿ. ಬಸುರಿಯರಿಗೆ, ಕೈಕೂಸುಗಳಿಗೆ ಇದು ಸಲ್ಲದು. ಮಾತ್ರೆ ನಡೆಯುತ್ತಿರುವಾಗ ಮೂತ್ರ ಕಪ್ಪುಚಹಾದ ಬಣ್ಣಕ್ಕೆ ತಿರುಗಿದರೆ ನಿಲ್ಲಿಸಿ ಆಗಲೇ ಆಸ್ಪತ್ರೆಗೆ ಹೋಗಿ.

ಇನ್ನು ಸೊಳ್ಳೆಯ ಮಾತು. ಮುಂಬಯಿಯ ಮಲೇರಿಯಾ ಸೊಳ್ಳೆ ಗಟಾರದ್ದಲ್ಲ, ತಿಳಿನೀರಿನದ್ದು. ಅನಾಫಿಲಿಸ್ ಸ್ಟೀಫೆನ್ಸಿ ಎಂದು ಅದರ ಹೆಸರು. ಬಾವಿ, ನೀರಿನ ತೊಟ್ಟಿಗಳಲ್ಲಿ ಅದು ಹುಟ್ಟುತ್ತದೆ ಎಂದು ಬೆಂಟ್ಲಿ ಎಂಬ ವೈದ್ಯಾಧಿಕಾರಿ 1911ರ ವರದಿಯಲ್ಲೇ ಬರೆದರು. ಆ ಮೇಲೆ ನಗರದ ಬಾವಿಗಳನ್ನು ಮುಚ್ಚಿಸುವ ಕೆಲಸ ನಡೆಯಿತು. ಬಾವಿಗಳು ಹೋದವು, ಮಾಳಿಗೆಯ ಮೇಲೆ ಟಾಕಿಗಳು ಬಂದವು. ಪರೇಲಿನ ಗಿರಣಿಗಳ ಹೊಗೆಗೂಡುಗಳು ಹೋಗಿ ಅಲ್ಲಿ ಗೋಪುರದಂಥ ಕಟ್ಟಡಗಳೆದ್ದವು. ಕಟ್ಟುವಾಗ ನಿಂತ ನೀರಿನಲ್ಲಿ ಅದೇ ಸೊಳ್ಳೆ ಹುಟ್ಟಿತು. 2010ರಲ್ಲಿ ಮುಂಬಯಿಯಲ್ಲಿ ಒಂದೇ ವರ್ಷಕ್ಕೆ 70,000ಕ್ಕೂ ಹೆಚ್ಚು ಮಂದಿಗೆ ಮಲೇರಿಯಾ ಬಂದದ್ದು ನಿಮಗೆ ನೆನಪಿರಬಹುದು. ಕಟ್ಟಡದ ತಗಡಿನ ಗುಡಿಸಲಲ್ಲಿ ಮಲಗುವ ಕೂಲಿಯವರು, ಸೆಕೆ ತಾಳಲಾರದೆ ಟಾಕಿಯ ಪಕ್ಕದಲ್ಲೇ ಮಾಳಿಗೆ ಮೇಲೆ ಮಲಗುವ ಹೋಟೆಲಿನ ಹುಡುಗರು, ಇವರನ್ನೇ ಆ ಸೊಳ್ಳೆ ರಾತ್ರಿ ಕಚ್ಚುವುದು. ಇವರಲ್ಲಿ ನಮ್ಮ ಕಲಬುರಗಿ, ವಿಜಯಪುರದವರೂ ಇದ್ದಾರೆ, ಉಡುಪಿ, ಕುಂದಾಪುರದವರೂ ಇದ್ದಾರೆ.

ಆದ್ದರಿಂದ ಹೋಟೆಲು ನಡೆಸುವ ಬಂಧುಗಳಲ್ಲಿ, ಕಟ್ಟಡದ ಗುತ್ತಿಗೆದಾರರಲ್ಲಿ ನನ್ನದೊಂದು ವಿನಂತಿ. ಟಾಕಿಯ ಮುಚ್ಚಳ ಸೊಳ್ಳೆ ನುಸುಳದಂತೆ ಬಿಗಿಯಾಗಿರಲಿ. ನೀರು ತುಂಬಿಡುವ ಡ್ರಮ್ಮು, ಬಕೆಟ್ಟುಗಳನ್ನು ವಾರಕ್ಕೊಮ್ಮೆ ಬರಿದು ಮಾಡಿ ಒಣಗಿಸಿ. ಮೊಟ್ಟೆಯಿಂದ ಸೊಳ್ಳೆಯಾಗಲು ವಾರದ ಮೇಲೆ ಬೇಕು. ಹುಡುಗರಿಗೆ ಒಂದೊಂದು ಸೊಳ್ಳೆಪರದೆ ಕೊಡಿಸಿ. ಜ್ವರವೆಂದ ಹುಡುಗನನ್ನು ಅದೇ ದಿನ ರಕ್ತಪರೀಕ್ಷೆಗೆ ಕಳಿಸಿ. ಪಾಲಿಕೆಯ ದವಾಖಾನೆಯಲ್ಲಿ ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ವೈವಾಕ್ಸ್ ಎಂದರೆ ವೈದ್ಯರು ಹೇಳಿದ ಹದಿನಾಲ್ಕು ದಿನವೂ ನೀವೇ ಎದುರಿಗೆ ನಿಂತು ಮಾತ್ರೆ ನುಂಗಿಸಿ. ಅವನ ತಾಯಿ ಇಲ್ಲಿಲ್ಲ, ನೀವಿದ್ದೀರಿ.

ದುಡಿಯಲು ಬಂದ ತಮ್ಮಂದಿರಿಗೂ ಒಂದು ಮಾತು. ರಜೆಯಲ್ಲಿ ಊರಿಗೆ ಹೋದಾಗ ಜ್ವರ ಬಂದರೆ, "ನಾನು ಮುಂಬಯಿಯಲ್ಲಿರುವವನು" ಎಂದು ಅಲ್ಲಿಯ ಡಾಕ್ಟರರಿಗೆ ಮೊದಲೇ ಹೇಳಿ. ಹಿಂದೆ ಮಲೇರಿಯಾ ಬಂದಿದ್ದರೆ ಅದನ್ನೂ ಹೇಳಿ. ಆ ಒಂದು ಮಾತಿನಿಂದ ಎರಡು ಮೂರು ದಿನ ಉಳಿಯುತ್ತದೆ. ಫಾಲ್ಸಿಪಾರಮ್ ಆಗಿದ್ದರೆ ಆ ದಿನಗಳಲ್ಲೇ ಜೀವ ಉಳಿಯುವುದು, ಹೋಗುವುದು.

ಅಂದು ಆ ಹುಡುಗನಿಗೆ ನಾನು ಹೀಗೆ ಹೇಳಬೇಕಿತ್ತು: "ಇಲ್ಲ ಮಾರಾಯ, ಇದಕ್ಕೆ ಮೈ ಒಗ್ಗುವುದಿಲ್ಲ. ಹತ್ತು ಸಲ ಬಂದರೂ ಹನ್ನೊಂದನೆಯದನ್ನು ಮೊದಲನೆಯದರ ಹಾಗೇ ನೋಡು. ಜ್ವರ ಬಂದ ದಿನವೇ ಇಲ್ಲಿಗೆ ಬಾ." ಇದನ್ನು ಹೇಳಲು ಅರ್ಧ ನಿಮಿಷ ಸಾಕಿತ್ತು. ಅವನಿಗೆ ಹೇಳಲಾಗದ್ದನ್ನು ನಿಮಗೆ ಹೇಳಿದ್ದೇನೆ. ನಿಮ್ಮ ಹೋಟೆಲಿನಲ್ಲಿ, ಚಾಳಿನಲ್ಲಿ, ಸಂಘದ ಸಭೆಯಲ್ಲಿ ಯಾರಾದರೂ "ಮಾಮೂಲಿ ಮಲೇರಿಯಾ" ಎಂದರೆ ನೀವೂ ಅವರಿಗೆ ಇಷ್ಟನ್ನು ಹೇಳಿ.